ಆನೆ ಕಡಿಮೆಯಾದವೋ, ಲೆಕ್ಕ ಬದಲಾಯಿತೋ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ‘ದೇಶದಲ್ಲಿ ಏಳೂವರೆ ಸಾವಿರ ಆನೆ ಮಾಯ’ ಎಂದು ಬರೆದಿದ್ದೀರಿ. 2017ರಲ್ಲಿ 29,964 ಇದ್ದ ಆನೆ ಈಗ 22,446 ಆಗಿದೆಯಂತೆ. ನಮ್ಮೂರಲ್ಲಿ ನೋಡಿದರೆ ವರ್ಷದಿಂದ ವರ್ಷಕ್ಕೆ ಆನೆ ಜಾಸ್ತಿ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವು, ಈಗ ವಾರಕ್ಕೆ ಎರಡು ಸಲ ತೋಟದಲ್ಲೇ ಇರುತ್ತವೆ. ಬಂದ ದಿನವನ್ನೆಲ್ಲ ನಾನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇವರು ಆನೆಯನ್ನು ಹೇಗೆ ಎಣಿಸುತ್ತಾರೆ? ನಿಮ್ಮ ಲೆಕ್ಕ ನಂಬಬೇಕೋ, ನನ್ನ ಕಣ್ಣು ನಂಬಬೇಕೋ?"
— ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರು, ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಆ ತಲೆಬರಹ ಹಾಗೆ ಬರಬಾರದಿತ್ತು. ಎರಡೂ ಸಂಖ್ಯೆಗಳು ಸರಿಯಾಗಿಯೇ ಇವೆ. ಒಂದರಿಂದ ಇನ್ನೊಂದನ್ನು ಕಳೆದದ್ದು ತಪ್ಪು. ಅಚ್ಚಿಗೆ ಹೋಗುವ ಮೊದಲು ಅದನ್ನು ಓದಿ ಒಪ್ಪಿದವನು ನಾನೇ. ಹೊಸ ಅಂದಾಜನ್ನು ಹೊರತಂದವರೇ ಇದು ಬೇರೆ ವಿಧಾನ, ಹಳೆಯ ಅಂಕಿಗಳ ಜೊತೆ ಹೋಲಿಸಬೇಡಿ ಎಂದು ಹೇಳಿದ್ದರು. ನಾವು ಆ ಮಾತನ್ನು ಬಿಟ್ಟು ಬರೀ ಅಂಕಿ ಹಾಕಿದೆವು.

ನೀವು ಕೇಳಿದ್ದು ‘ಹೇಗೆ ಎಣಿಸುತ್ತಾರೆ’ ಎಂದು. ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಹಳೆಯ ಕ್ರಮ ನಿಮಗೂ ಸ್ವಲ್ಪ ಗೊತ್ತಿರಬಹುದು. ನಮ್ಮ ರಾಜ್ಯದಲ್ಲಿ 2023ರ ಮೇ ತಿಂಗಳಲ್ಲಿ ಮೂರು ದಿನ ಆನೆ ಗಣತಿ ನಡೆಯಿತು. ಮೊದಲ ದಿನ ಬ್ಲಾಕ್ ಎಣಿಕೆ. ಕಾಡನ್ನು ನಾಲ್ಕೈದು ಚದರ ಕಿಲೋಮೀಟರಿನ ತುಂಡುಗಳಾಗಿ ಮಾಡಿಕೊಂಡು, ಅದರೊಳಗೆ ಓಡಾಡಿ ಕಣ್ಣಿಗೆ ಬಿದ್ದ ಆನೆಗಳನ್ನು ಬರೆದುಕೊಳ್ಳುವುದು. ಎರಡನೇ ದಿನ ನೇರ ಗೆರೆಯಲ್ಲಿ ನಡೆದು ಲದ್ದಿ ಲೆಕ್ಕ ಹಾಕುವುದು. ಮೂರನೇ ದಿನ ಕೆರೆ, ನೀರಿನ ಹೊಂಡಗಳ ಬಳಿ ಕೂತು ಬರುವ ಆನೆಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಮರಿ ಎಷ್ಟು ಎಂದು ನೋಡುವುದು. ಪಕ್ಕದ ರಾಜ್ಯಗಳೂ ಅದೇ ದಿನಗಳಲ್ಲಿ ಎಣಿಸಿದವು. ಯಾಕೆಂದರೆ ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಇವತ್ತು ಬಂಡೀಪುರದಲ್ಲಿ ಕಂಡ ಗುಂಪು ನಾಳೆ ಮುದುಮಲೆಯಲ್ಲೋ ವಯನಾಡಿನಲ್ಲೋ ಇರಬಹುದು. ಬೇರೆ ಬೇರೆ ದಿನ ಎಣಿಸಿದರೆ ಒಂದೇ ಗುಂಪು ಎರಡು ರಾಜ್ಯದ ಲೆಕ್ಕಕ್ಕೂ ಬಂದುಬಿಡುತ್ತದೆ.

ಇದರಲ್ಲಿ ಲದ್ದಿ ಲೆಕ್ಕ ಇದೆಯಲ್ಲ, ಅದು ಮೇಲ್ನೋಟಕ್ಕೆ ಸುಲಭ. ಒಳಗೆ ಬಹಳ ಕಷ್ಟ. ಕೆಲವು ವರ್ಷಗಳ ಹಿಂದೆ ನಾನೂ ಸ್ವಯಂಸೇವಕನಾಗಿ ಒಂದು ಗಣತಿಗೆ ಹೋಗಿದ್ದೆ. ಬೆಳಗ್ಗೆ ಆರಕ್ಕೆ ಹೊರಟೆವು. ಮುಂದೆ ಅರಣ್ಯ ಇಲಾಖೆಯ ವಾಚರ್, ಹಿಂದೆ ಗಾರ್ಡ್, ನಡುವೆ ಫಾರಂ ಹಿಡಿದುಕೊಂಡು ನಾನು. ಎರಡು ಕಿಲೋಮೀಟರ್ ಉದ್ದದ ಸೀಳುದಾರಿ. ನೇರವಾಗಿ ನಡೆಯಬೇಕು. ಲಂಟಾನ ಅಡ್ಡ ಬಂದರೂ ಆದಷ್ಟೂ ಅದೇ ಗೆರೆಯಲ್ಲಿ ಹೋಗಬೇಕು. ಲದ್ದಿ ಕಂಡರೆ ಗೆರೆಯಿಂದ ಅದು ಎಷ್ಟು ದೂರದಲ್ಲಿದೆ ಎಂದು ಟೇಪು ಹಿಡಿದು ಅಳೆಯಬೇಕು. ಉಂಡೆ ಇಡಿಯಾಗಿದೆಯಾ, ಒಡೆದಿದೆಯಾ, ಬರೀ ನಾರು ಉಳಿದಿದೆಯಾ ಎಂದು ಬರೆಯಬೇಕು. ದೂರ ಯಾಕೆ ಎಂದು ಕೇಳಿದೆ. ಗೆರೆಯ ಮೇಲಿರುವುದು ತಪ್ಪದೆ ಕಾಣುತ್ತದೆ, ದೂರ ಹೋದಂತೆ ಪೊದೆಯಲ್ಲಿ ಮರೆಯಾಗುತ್ತದೆ, ಆ ಇಳಿಕೆಯ ಲೆಕ್ಕದಿಂದಲೇ ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಎಷ್ಟು ಎಂದು ಅಂದಾಜು ಮಾಡುತ್ತಾರೆ ಎಂದು ಗಾರ್ಡ್ ಹೇಳಿದರು.

ಆ ದಿನ ನಮ್ಮ ಗೆರೆಯಲ್ಲಿ ಸಿಕ್ಕಿದ್ದು ಬರೀ ಮೂರು. ಮೂರೂ ಹಳೆಯವು. ವಾಪಸ್ ಬರುವಾಗ ಜೀಪು ರಸ್ತೆಯಲ್ಲಿ ಹಬೆಯಾಡುವಂಥ ಹೊಸ ಲದ್ದಿ, ಒಂದೇ ಕಡೆ ನಾಲ್ಕು ರಾಶಿ. ಜಗಿದ ಬಿದಿರಿನ ನಾರು ಇನ್ನೂ ಹಸಿರಾಗಿಯೇ ಇತ್ತು. ಸಗಣಿಹುಳುಗಳು ಆಗಲೇ ಮುತ್ತಿಕೊಂಡಿದ್ದವು. ನಾನು ಖುಷಿಯಿಂದ ಪೆನ್ನು ತೆಗೆದೆ. ವಾಚರ್ ತಡೆದರು. "ಅದನ್ನ ಬರೀಬೇಡಿ ಸಾರ್. ಅದು ಲೈನಲ್ಲಿಲ್ಲ. ನಾವು ಬರ್ದ್ರೆ ಕಾಡಲ್ಲಿ ಆನೆ ಜಾಸ್ತಿ ಆಗುತ್ತಾ?" ಎಂದರು. ಫಾರಂ ಮುಚ್ಚಿದೆ. ಆನೆಗೂ ನಡೆಯಲು ರಸ್ತೆಯೇ ಸಲೀಸು, ಅಲ್ವಾ? ರಸ್ತೆಯಲ್ಲಿ ಕಂಡದ್ದನ್ನು ಸೇರಿಸಿದರೆ ಇಡೀ ಕಾಡೇ ಲದ್ದಿಯಿಂದ ತುಂಬಿದಂತೆ ಲೆಕ್ಕ ಬರುತ್ತದೆ.

ಇನ್ನು ಲದ್ದಿಯಿಂದ ಆನೆಗೆ ಬರುವ ಲೆಕ್ಕ. ಒಂದು ಆನೆ ದಿನಕ್ಕೆ ಹೆಚ್ಚುಕಡಿಮೆ ಹದಿನಾರು ಸಲ ಲದ್ದಿ ಹಾಕುತ್ತದೆ ಎಂದು ಇಟ್ಟುಕೊಳ್ಳಿ. ಒಂದು ರಾಶಿ ಕೊಳೆತು ಮಾಯವಾಗಲು ನೂರು ದಿನ ಬೇಕು ಎಂದುಕೊಳ್ಳಿ. ಆಗ ಒಂದು ಆನೆಯ 1,600 ರಾಶಿಗಳು ಯಾವಾಗಲೂ ಕಾಡಿನಲ್ಲಿ ಇರುತ್ತವೆ. ಕಾಡಿನಲ್ಲಿ ಒಟ್ಟು 1,60,000 ರಾಶಿ ಇವೆ ಎಂದು ಅಂದಾಜಾದರೆ ಅಲ್ಲಿ ನೂರು ಆನೆ. ಆದರೆ ಆ ವರ್ಷ ಮಳೆ ಕೈಕೊಟ್ಟು, ಹುಳುಗಳ ಓಡಾಟವೂ ಕಡಿಮೆಯಾಗಿ, ಲದ್ದಿ ಒಣಗಿ ನೂರೈವತ್ತು ದಿನ ಉಳಿದಿದ್ದರೆ? ಅಷ್ಟೇ ರಾಶಿಗೆ ನಿಜವಾಗಿ ಇರುವುದು 67 ಆನೆ. ಎಣಿಸಿದವರು ಒಂದು ರಾಶಿಯನ್ನೂ ತಪ್ಪಾಗಿ ಬರೆದಿಲ್ಲ. ಆದರೂ ಮೂವತ್ತಮೂರು ಆನೆ ಸುಮ್ನೆ ಹುಟ್ಟಿಬಿಟ್ಟವು! ಇದು ನಾನು ಉದಾಹರಣೆಗೆ ಮಾಡಿದ ಲೆಕ್ಕ. ನಿಜವಾದದ್ದೇ ಬೇಕಾದರೆ ಕೇರಳ ನೋಡಿ. 2017ರಲ್ಲಿ ಅಲ್ಲಿ ಬ್ಲಾಕ್ ಎಣಿಕೆಯಲ್ಲಿ ಬಂದದ್ದು 3,322 ಆನೆ. ಅದೇ ವರ್ಷ, ಅದೇ ಕಾಡು, ಲದ್ದಿ ಲೆಕ್ಕದಲ್ಲಿ ಬಂದದ್ದು 5,706. ದೇಶದ ಮೊತ್ತ ಎಂದು ನಾವು ಓದುವ 29,964 ಇಂಥ ರಾಜ್ಯವಾರು ಅಂಕಿಗಳನ್ನು ಕೂಡಿಸಿ ಬಂದದ್ದು.

ಈಗಿನದು ಬೇರೆ. 2021ರಿಂದ ಶುರುವಾಗಿ 2025ರ ಅಕ್ಟೋಬರಿನಲ್ಲಿ ಹೊರಬಂದ ಈ ಅಂದಾಜಿನಲ್ಲಿ ಲದ್ದಿ ರಾಶಿ ಎಣಿಸಿ ಬಿಡಲಿಲ್ಲ, ಲದ್ದಿಯಿಂದ ಡಿಎನ್‌ಎ ತೆಗೆದರು. ಆನೆಯ ಕರುಳಿನ ಒಳಪದರದ ಜೀವಕೋಶಗಳು ಲದ್ದಿಯ ಹೊರಮೈಗೆ ಅಂಟಿಕೊಂಡು ಬರುತ್ತವೆ. ಒಂದೊಂದು ಆನೆಯ ಡಿಎನ್‌ಎ ಒಂದೊಂದು ಥರ. ಲದ್ದಿ ಹೊಸದಾಗಿರುವಾಗಲೇ ಆ ಕೋಶಗಳಿಂದ ಅದನ್ನು ತೆಗೆದರೆ ಇದು ಯಾವ ಆನೆ ಎಂದು ಹೇಳಬಹುದು. ಹುಲಿಗೆ ಮೈಮೇಲಿನ ಪಟ್ಟೆ ಹೇಗೋ ಆನೆಗೆ ಇದು ಹಾಗೆ. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಚಿತ್ರದ ಪಟ್ಟೆ ನೋಡಿ ಹುಲಿಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಎಣಿಸುವ ಕ್ರಮವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲೇ 1990ರ ದಶಕದಲ್ಲಿ ಮಾಡಿ ತೋರಿಸಿದ್ದರು. ಆನೆಗೆ ಪಟ್ಟೆ ಇಲ್ಲ. ಹಾಗಾಗಿ ಲದ್ದಿ.

ಒಟ್ಟು 21,056 ಲದ್ದಿ ಮಾದರಿಗಳನ್ನು ಪರೀಕ್ಷಿಸಿ 4,065 ಆನೆಗಳನ್ನು ಬಿಡಿಬಿಡಿಯಾಗಿ ಗುರುತಿಸಿದರು. ಹಾಗಾದರೆ ಉಳಿದ ಹದಿನೆಂಟು ಸಾವಿರ ಬರೀ ಊಹೆಯಾ? ನೀವು ಇದನ್ನು ಕೇಳಿಯೇ ಕೇಳುತ್ತೀರಿ. ಊಹೆಯಲ್ಲ. ನಿಮ್ಮೂರ ಕೆರೆಯಲ್ಲಿ ಬಲೆ ಬೀಸಿ ಐವತ್ತು ಮೀನು ಹಿಡಿದು, ಗುರುತು ಹಾಕಿ ವಾಪಸ್ ಬಿಡಿ. ಒಂದು ವಾರ ಬಿಟ್ಟು ಮತ್ತೆ ಐವತ್ತು ಹಿಡಿಯಿರಿ. ಅದರಲ್ಲಿ ಹತ್ತಕ್ಕೆ ಗುರುತು ಇದ್ದರೆ, ನೀವು ಮೊದಲು ಗುರುತು ಹಾಕಿದ್ದು ಕೆರೆಯ ಐದನೇ ಒಂದು ಪಾಲು. ಅಂದರೆ ಕೆರೆಯಲ್ಲಿ ಸುಮಾರು 250 ಮೀನು. ಆನೆಯಲ್ಲೂ ಹೀಗೆಯೇ. ಒಂದೇ ಆನೆಯ ಲದ್ದಿ ಎಷ್ಟು ಸಲ, ಎಲ್ಲೆಲ್ಲಿ ಮತ್ತೆ ಸಿಕ್ಕಿತು ಎನ್ನುವುದರಿಂದ ಸಿಗದೇ ಹೋದವು ಎಷ್ಟು ಎಂದು ಕಂಡುಕೊಳ್ಳುತ್ತಾರೆ. ಜೊತೆಗೆ ಕಾಡಿನಲ್ಲಿ ನಡೆದು ದಾಖಲಿಸಿದ ಗುರುತುಗಳು, ಉಪಗ್ರಹ ಚಿತ್ರದಿಂದ ಬಂದ ಕಾಡಿನ ವಿವರ ಸೇರುತ್ತವೆ. ಈ ಸಮೀಕ್ಷೆಗೆ ಸಿಬ್ಬಂದಿ ನಡೆದದ್ದು ಒಟ್ಟು ಆರೂವರೆ ಲಕ್ಷ ಕಿಲೋಮೀಟರಿಗೂ ಹೆಚ್ಚು. ಆ ವಾಚರ್, ಗಾರ್ಡ್‌ಗಳ ಕಾಲುಗಳಿಗೆ ನಾವು ಪತ್ರಿಕೆಯವರು ಯಾವತ್ತೂ ಸರಿಯಾದ ಜಾಗ ಕೊಟ್ಟಿಲ್ಲ.

ಇನ್ನೊಂದು ಮಾತು. ಅವರು 22,446 ಎಂಬ ಒಂದೇ ಸಂಖ್ಯೆ ಹೇಳಲಿಲ್ಲ. 18,255ರಿಂದ 26,645ರ ನಡುವೆ ಎಂದರು. ಆ ಅಂತರವೇ ಲೆಕ್ಕದ ಪ್ರಾಮಾಣಿಕತೆ. ನಾವು ನಡುವಿನ ಒಂದು ಅಂಕಿಯನ್ನು ಮಾತ್ರ ಎತ್ತಿಕೊಂಡೆವು.

ಹುಲಿಯ ವಿಷಯದಲ್ಲೂ ಹೀಗೇ ಆಗಿತ್ತು. ಮೊದಲೆಲ್ಲ ಹೆಜ್ಜೆ ಗುರುತಿನ ಅಚ್ಚು ತೆಗೆದು ಹುಲಿ ಎಣಿಸುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಆ ಲೆಕ್ಕದ ಪ್ರಕಾರ ಹುಲಿಗಳಿದ್ದವು. ಒಂದೂ ಉಳಿದಿಲ್ಲ ಎಂದು 2005ರಲ್ಲಿ ಗೊತ್ತಾಯಿತು. ಆಮೇಲೆ ಕ್ರಮ ಬದಲಾಯಿತು. 2006ರಲ್ಲಿ ಕ್ಯಾಮೆರಾ ಬಳಸಿ ಮಾಡಿದ ಅಂದಾಜಿನಲ್ಲಿ ದೇಶಕ್ಕೆಲ್ಲ 1,411 ಹುಲಿ. ಹಳೆಯ ಅಂಕಿ ಇದರ ಎರಡು ಪಟ್ಟಿಗೂ ಜಾಸ್ತಿ ಇತ್ತು. ಆಗಲೂ ಎಲ್ಲರೂ ಕಳೆದು ನೋಡಿದರು. ನಿಜವಾಗಿ ಹೋಲಿಸಬೇಕಾದದ್ದು 2006ರಿಂದ ಮುಂದಕ್ಕೆ: 2010ರಲ್ಲಿ 1,706, 2014ರಲ್ಲಿ 2,226, 2018ರಲ್ಲಿ 2,967. ಆನೆಗೂ 22,446 ಮೊದಲ ಮೆಟ್ಟಿಲು. ಮುಂದಿನ ಸಲ ಇದೇ ಕ್ರಮದಲ್ಲಿ ಎಣಿಸಿದಾಗ ಏರಿತೋ ಇಳಿಯಿತೋ ಧೈರ್ಯವಾಗಿ ಹೇಳಬಹುದು.

ಹಾಗಂತ ಆನೆಗಳು ಸುಖವಾಗಿವೆ ಎಂದು ನಾನು ಹೇಳುತ್ತಿಲ್ಲ. ಕರೆಂಟ್ ತಂತಿ ತಗುಲಿ, ರೈಲಿಗೆ ಸಿಕ್ಕಿ ಸಾಯುತ್ತಲೇ ಇವೆ. ಅದು ಬೇರೆಯದೇ ನೋವು. ಅದನ್ನು ಹೇಳಲು ತಪ್ಪು ಕಳೆಯುವ ಲೆಕ್ಕ ಬೇಡ.

ಈಗ ನಿಮ್ಮ ಕಣ್ಣಿನ ಪ್ರಶ್ನೆಗೆ ಬರುತ್ತೇನೆ. ಕರ್ನಾಟಕದ ಅಂಕಿಗಳನ್ನೇ ನೋಡಿ. 2017ರಲ್ಲಿ 6,049, 2023ರಲ್ಲಿ 6,395, ಹೊಸ ಅಂದಾಜಿನಲ್ಲಿ 6,013. ಕ್ರಮಗಳು ಬೇರೆಯಾದ್ದರಿಂದ ಇವನ್ನೂ ಕೂಡಿ ಕಳೆಯಬಾರದು. ಆದರೂ ನೀವು ಹೇಳುವ ಏರಿಕೆ ಈ ಅಂಕಿಗಳಲ್ಲಿ ಎದ್ದು ಕಾಣುವುದಿಲ್ಲ. ನಿಮ್ಮ ಕಣ್ಣು ಸುಳ್ಳು ಹೇಳುತ್ತಿದೆಯಾ? ಇಲ್ಲ. ಎಷ್ಟು ಇವೆ ಎನ್ನುವುದು ಒಂದು ಪ್ರಶ್ನೆ. ಎಲ್ಲಿ ಇವೆ ಎನ್ನುವುದು ಇನ್ನೊಂದು. ನಿಮ್ಮ ತೋಟ ಎರಡನೆಯದಕ್ಕೆ ಉತ್ತರ ಕೊಡುತ್ತಿದೆ. ಒಟ್ಟು ಆನೆ ಅಷ್ಟೇ ಇದ್ದು, ಅವು ಕಾಡಿನ ನಡುವಿನಿಂದ ಅಂಚಿಗೆ, ಅಂಚಿನಿಂದ ತೋಟಕ್ಕೆ ಬಂದರೆ ನಿಮಗೆ ಜಾಸ್ತಿಯೇ. ಆಲೂರು, ಸಕಲೇಶಪುರ, ಬೇಲೂರಿನ ಕಡೆ ಆಗಿರುವುದು ಬಹುಪಾಲು ಇದೇ ಎಂದು ನನ್ನ ನಂಬಿಕೆ. ಹಗಲು ತೋಟದ ನೆರಳಲ್ಲಿ ನಿಂತು ರಾತ್ರಿ ಗದ್ದೆಗೆ ಇಳಿಯುವ ಆನೆಗೆ ಕಾಡು ಎನ್ನುವುದೇ ಬೇರೆ ಅರ್ಥವಾಗಿದೆ. ದೇಶದ ಬೇರೆ ಕಡೆಯೂ ಹೀಗೆ ಜಾಗ ಬದಲಾಗುತ್ತಿದೆ. ಮಧ್ಯಪ್ರದೇಶದ ಬಾಂಧವಗಢಕ್ಕೆ 2018ರಲ್ಲಿ ಛತ್ತೀಸ್‌ಗಢದ ಕಡೆಯಿಂದ ಒಂದು ದೊಡ್ಡ ಗುಂಪು ಬಂದು ಅಲ್ಲೇ ನೆಲೆಸಿತು. ಅಲ್ಲಿನ ಜನ ಅಷ್ಟರವರೆಗೆ ಕಾಡಾನೆ ಜೊತೆ ಬದುಕಿದವರಲ್ಲ.

ಮತ್ತೆ, ಒಂದೇ ಗುಂಪು ಒಂದು ರಾತ್ರಿಯಲ್ಲಿ ಮೂರು ಊರು ದಾಟಿದರೆ ಬೆಳಗ್ಗೆ ಮೂರು ಊರಲ್ಲೂ ‘ಆನೆ ಬಂದಿತ್ತು’ ಎಂಬ ಸುದ್ದಿ. ಇದನ್ನು ಬಿಡಿಸಲು ಆನೆಗಳನ್ನು ಒಂದೊಂದಾಗಿ ಗುರುತಿಸಬೇಕು. ಕಿವಿಯ ಅಂಚು ಎಲ್ಲಿ ಹರಿದಿದೆ, ಮೇಲಂಚು ಮುಂದಕ್ಕೆ ಮಡಿಸಿದೆಯೋ ಹಿಂದಕ್ಕೋ, ದಂತ ಹತ್ತಿರವೋ ದೂರವೋ, ಬಾಲದ ಕೂದಲು ಎರಡೂ ಬದಿ ಇದೆಯೋ ಒಂದೇ ಬದಿಯೋ ಎಂದು ನೋಡಿ. ನಿಮ್ಮ ಕಡೆ ಜನ ಭೀಮ, ಬೀಟಮ್ಮ ಎಂದು ಆನೆಗಳನ್ನು ಹೆಸರಿಟ್ಟೇ ಕರೆಯುತ್ತಾರೆ. ಅದು ಬರೀ ಪ್ರೀತಿಯಲ್ಲ, ಒಳ್ಳೆಯ ಸಮೀಕ್ಷೆಯ ಮೊದಲ ಕೆಲಸವೂ ಹೌದು.

ಆದ್ದರಿಂದ ನಿಮ್ಮ ಪುಸ್ತಕ ನನಗೆ ಬಹಳ ಮುಖ್ಯ ಅನ್ನಿಸಿತು. ಒಂದೇ ಒಂದು ಬದಲಾವಣೆ ಮಾಡಿಕೊಳ್ಳಿ. ಆನೆ ಬಂದ ದಿನ ಮಾತ್ರ ಬರೆಯುತ್ತೀರಿ. ಬಾರದ ದಿನವನ್ನೂ ಬರೆಯಿರಿ, ಸೊನ್ನೆ ಹಾಕಿ. ನೀವು ಊರಲ್ಲಿ ಇಲ್ಲದ ದಿನಕ್ಕೆ ಸೊನ್ನೆ ಬೇಡ, ‘ನೋಡಿಲ್ಲ’ ಎಂದು ಬರೆಯಿರಿ. ಆನೆ ಬರಲಿಲ್ಲ ಎನ್ನುವುದೂ, ಬಂದದ್ದು ನಮಗೆ ಕಾಣಲಿಲ್ಲ ಎನ್ನುವುದೂ ಬೇರೆ ಬೇರೆ. ನನ್ನ ಗಣತಿಯಲ್ಲಿ ಏನೂ ಸಿಗದ ಗೆರೆಗಳ ಫಾರಂಗಳನ್ನೂ ಗಾರ್ಡ್ ಜೋಪಾನವಾಗಿ ಕಟ್ಟಿ ಕಳಿಸಿದ್ದರು. ಆ ಖಾಲಿ ಹಾಳೆಗಳಿಲ್ಲದೆ ಆನೆ ಎಲ್ಲಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ. ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ, ಎಷ್ಟು ದೊಡ್ಡವು, ಎಷ್ಟು ಮರಿ ಎಂದು ಸೇರಿಸಿ. ಆಗ ಭತ್ತ ಕಟಾವಿನ ಕಾಲಕ್ಕೆ, ಹಲಸು ಹಣ್ಣಾಗುವ ಕಾಲಕ್ಕೆ ಅವುಗಳ ಓಡಾಟ ಹೇಗೆ ಬದಲಾಗುತ್ತದೆ ಎಂದು ನಿಮಗೇ ಕಾಣುತ್ತದೆ.

ಈ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿದ್ದೇವೆ, ಎರಡನೇ ಪುಟದಲ್ಲಿ. ನಿಮ್ಮ ಪುಸ್ತಕದ ಒಂದು ವರ್ಷದ ಪುಟಗಳನ್ನು ಜೆರಾಕ್ಸ್ ಮಾಡಿ ಕಳಿಸಿ, ಖರ್ಚು ನಮ್ಮದು. ಅಕ್ಷರ ಚೆನ್ನಾಗಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮಳೆಯಲ್ಲಿ ನೆಂದಿದ್ದರೂ ಪರವಾಗಿಲ್ಲ, ಹಾಗೇ ಕಳಿಸಿ, ನಾನೇ ಕೂತು ಓದುತ್ತೇನೆ.

— ಸಂಪಾದಕ