ಪ್ಯಾರಿಸ್‌ಗೆ ಹೋಗುವಾಗ ಜೇಬಿನಲ್ಲೊಂದು ಟೇಪ್ ಇರಲಿ

ಪ್ರಶ್ನೆ: ಮುಂದಿನ ತಿಂಗಳು ಮಗಳ ಮನೆಗೆಂದು ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ಜೊತೆಗೆ ಹತ್ತನೇ ಕ್ಲಾಸಿನ ಮೊಮ್ಮಗ ಬರುತ್ತಾನೆ. ಅವನಿಗೆ ವಿಜ್ಞಾನದ ಹುಚ್ಚು, ಆದರೆ ದೊಡ್ಡ ಮ್ಯೂಸಿಯಂ ಎಂದರೆ ಆಗುವುದಿಲ್ಲ. ನಡೆದುಕೊಂಡೇ ನೋಡುವಂಥ ಜಾಗಗಳಿವೆಯಾ ಮೇಡಂ? ನನಗೆ ಮಂಡಿನೋವು, ಜಾಸ್ತಿ ದೂರ ಆಗದು.
– ಒಬ್ಬ ಅಜ್ಜ

ಉತ್ತರ: ಇವೆ ಸಾರ್, ಬೇಕಾದಷ್ಟಿವೆ. ನಾನು ಫಿಸಿಕ್ಸ್ ಪಾಠ ಹೇಳಿ ನಿವೃತ್ತಳಾದವಳು. ಬೋರ್ಡಿನ ಮೇಲೆ ಬರೀ ಹೆಸರಾಗಿದ್ದವರಿಗೆಲ್ಲ ಪ್ಯಾರಿಸ್‌ನಲ್ಲಿ ಬೀದಿ, ಬಾಗಿಲು ಇರುವುದನ್ನು ಕಂಡು ಹಿಗ್ಗಿದವಳು. ಸೇನ್ ನದಿಯ ಎಡದಂಡೆಯಲ್ಲೇ ಉಳಿದರೆ ನಾಲ್ಕು ಕಿಲೋಮೀಟರ್ ಒಳಗೆ ಮುಗಿಯುತ್ತದೆ. ನಡುವೆ ಲಕ್ಸೆಂಬರ್ಗ್ ಉದ್ಯಾನದಲ್ಲಿ ಕೂರಲು ಕುರ್ಚಿಗಳಿವೆ.

ಮಧ್ಯಾಹ್ನ ಊಟ ಮುಗಿಸಿ ಜಾರ್ದಾಂ ದೆ ಪ್ಲಾಂತ್ ಎಂಬ ಸಸ್ಯೋದ್ಯಾನದಿಂದ ಹೊರಡಿ. ಅಲ್ಲಿ ಪ್ರಾಣಿವಿಜ್ಞಾನಿ ಕ್ಯುವಿಯೆ ವಾಸವಿದ್ದ ಮನೆಯ ಗೋಡೆ ಮೇಲೊಂದು ಫಲಕವಿದೆ. ಓದದೆ ಮುಂದೆ ಹೋಗುವವರೇ ಹೆಚ್ಚು. ಭೌತವಿಜ್ಞಾನಿ ಆನ್ರಿ ಬೆಕೆರೆಲ್ 1896ರ ಮಾರ್ಚ್ 1ರಂದು ವಿಕಿರಣಶೀಲತೆಯನ್ನು ಕಂಡುಹಿಡಿದದ್ದು ಈ ಆವರಣದಲ್ಲಿ. ಬಿಸಿಲಿಗಿಡಬೇಕಿದ್ದ ಯುರೇನಿಯಂ ಲವಣವನ್ನು ಮೋಡ ಮುಚ್ಚಿತೆಂದು ಫೋಟೋ ಪ್ಲೇಟಿನ ಜೊತೆ ಡ್ರಾಯರ್‌ನಲ್ಲಿ ಇಟ್ಟಿದ್ದರು. ಪ್ಲೇಟ್ ತೊಳೆದು ನೋಡಿದರೆ ಬಿಸಿಲಿಲ್ಲದೆಯೂ ಗುರುತು ಮೂಡಿತ್ತು!

ಅಲ್ಲಿಂದ ಮೇರಿ ಕ್ಯೂರಿ ಅವರ ಪ್ರಯೋಗಾಲಯಕ್ಕೆ. ಇದೂ ಮ್ಯೂಸಿಯಂ ನಿಜ, ಆದರೆ ಪುಟ್ಟದು, ಟಿಕೆಟ್ ಇಲ್ಲ. ಅವರು ಕೂರುತ್ತಿದ್ದ ಕೋಣೆಯನ್ನೇ ನೋಡಬಹುದು. ಮಧ್ಯಾಹ್ನದ ಮೇಲೆ ಮಾತ್ರ, ಅದೂ ವಾರದ ಕೆಲವೇ ದಿನ ತೆರೆದಿರುತ್ತದೆ, ವಿಚಾರಿಸಿಕೊಂಡು ಹೋಗಿ.

ಹತ್ತಿರದಲ್ಲೇ ಪಾಂಥಿಯಾನ್, ಫ್ರಾನ್ಸಿನ ಮಹನೀಯರ ಸಮಾಧಿಗಳಿರುವ ಕಟ್ಟಡ. ಇಲ್ಲಿ ಟಿಕೆಟ್ ಉಂಟು, ಹದಿನೆಂಟರ ಒಳಗಿನವರಿಗೆ ಬೇಡ. 1851ರಲ್ಲಿ ಭೌತವಿಜ್ಞಾನಿ ಫುಕೋ ಇದರ ಗುಮ್ಮಟದಿಂದ 67 ಮೀಟರ್ ತಂತಿಗೆ 28 ಕೆ.ಜಿ. ಗುಂಡು ಕಟ್ಟಿ ತೂಗಿಬಿಟ್ಟಿದ್ದರು. ಈಗಿರುವುದು ಅದರ ನಕಲು, ಕೆಲಸ ಮಾತ್ರ ಅದೇ. ಗುಂಡು ತೂಗುವ ದಿಕ್ಕು ಗಂಟೆಗೆ ಸುಮಾರು 11 ಡಿಗ್ರಿ ಸರಿಯುತ್ತದೆ. ನಿಜಕ್ಕೂ ತಿರುಗುತ್ತಿರುವುದು ಕಾಲಡಿಯ ನೆಲ. ಧ್ರುವದಲ್ಲಿ ಒಂದು ಸುತ್ತಿಗೆ ಒಂದು ದಿನ ಸಾಕು, ಪ್ಯಾರಿಸ್‌ನಲ್ಲಿ ಸುಮಾರು 32 ಗಂಟೆ ಬೇಕು, ಭೂಮಧ್ಯರೇಖೆಯಲ್ಲಿ ಸರಿಯುವುದೇ ಇಲ್ಲ. ಜನ ಸೆಲ್ಫಿ ತೆಗೆದು ಎರಡೇ ನಿಮಿಷಕ್ಕೆ ಹೊರಟುಬಿಡುತ್ತಾರೆ. ಅಷ್ಟರಲ್ಲಿ ಏನು ಕಂಡೀತು? ನೀವು ಅರ್ಧ ಗಂಟೆ ಇರಿ. ಗುಂಡು ಒಮ್ಮೆ ಹೋಗಿಬರಲು ಸುಮಾರು 16 ಸೆಕೆಂಡ್ ಬೇಕು. ಮೊಮ್ಮಗ ಮೊಬೈಲ್‌ನಲ್ಲಿ ಹತ್ತು ತೂಗಾಟದ ಸಮಯ ಹಿಡಿಯಲಿ, ಲೋಲಕದ ಸೂತ್ರ ಹಾಕಿ ತಂತಿಯ ಉದ್ದ ತೆಗೆಯಲಿ. 67ರ ಹತ್ತಿರ ಬರಲೇಬೇಕು. ಕ್ಯೂರಿ ದಂಪತಿಯ ಸಮಾಧಿ ಕೆಳಗಿನ ನೆಲಮಾಳಿಗೆಯಲ್ಲಿದೆ. ಮೆಟ್ಟಿಲಿನ ಸಹವಾಸ ನಿಮಗೆ ಬೇಡ, ಅವನೊಬ್ಬನನ್ನೇ ಕಳಿಸಿ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ. ಸೆನೆಟ್ ಕಟ್ಟಡದ ಎದುರು, ವೋಜಿರಾರ್ ಬೀದಿಯ 36ನೇ ನಂಬರಿನಲ್ಲಿ, ಕಮಾನಿನ ಕೆಳಗೆ ಗೋಡೆಗೆ ಕೂರಿಸಿದ ಒಂದು ಅಮೃತಶಿಲೆ. ಅದರ ಮೇಲೆ ಒಂದು ಮೀಟರ್ ಉದ್ದದ ಗುರುತು. ಇಷ್ಟೇ. ಫ್ರೆಂಚ್ ಕ್ರಾಂತಿಗೆ ಮೊದಲು ಫ್ರಾನ್ಸಿನಲ್ಲಿ ಊರಿಗೊಂದು ಅಳತೆ. ಬಟ್ಟೆ, ಜಮೀನು, ಎಲ್ಲದರಲ್ಲೂ ಜಗಳ. ಕ್ರಾಂತಿಯ ನಂತರ ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಭಾಗವೇ ಮೀಟರ್ ಎಂದು ಗೊತ್ತು ಮಾಡಿದರು. ಅದಕ್ಕಾಗಿ ದೆಲಾಂಬ್ರ್, ಮೆಶೈನ್ ಎಂಬಿಬ್ಬರು 1792ರಿಂದ ಏಳು ವರ್ಷ ಡನ್‌ಕರ್ಕ್‌ನಿಂದ ಬಾರ್ಸಿಲೋನಾವರೆಗೆ ಅಳೆದರು, ಯುದ್ಧದ ನಡುವೆ! ಕೊನೆಗೆ ಬಂದ ಮೀಟರ್ ಅಂದುಕೊಂಡದ್ದಕ್ಕಿಂತ 0.2 ಮಿಲಿಮೀಟರ್ ಕಡಿಮೆ, ಅಷ್ಟೇ. ಅವರ ಅಳತೆ ಮುಗಿಯುವ ಮೊದಲೇ, 1796-97ರಲ್ಲಿ, ತಾತ್ಕಾಲಿಕ ಮೀಟರಿನ ಲೆಕ್ಕದಲ್ಲಿ, ಜನ ಬಂದು ಹೋಲಿಸಿ ನೋಡಿಕೊಳ್ಳಲೆಂದು ನಗರದಲ್ಲಿ ಇಂಥ 16 ಕಲ್ಲುಗಳನ್ನು ಹಾಕಿದ್ದರು. ಇಟ್ಟ ಜಾಗದಲ್ಲೇ ಉಳಿದಿರುವುದು ಇದೊಂದು. ಟೇಪ್ ತೆಗೆದು ನೀವೂ ಅಳೆಯಿರಿ, ಅದು ಇರುವುದೇ ಅದಕ್ಕೆ ಅಲ್ವಾ?

ಪಕ್ಕದ ಸಾಂ-ಸುಲ್ಪೀಸ್ ಚರ್ಚಿನ ನೆಲದಲ್ಲಿ ಸೂರ್ಯನ ದಾರಿ ಗುರುತಿಸುವ ಹಿತ್ತಾಳೆ ಗೆರೆಯಿದೆ. ಬೆಳಕು ಅದರ ಮೇಲೆ ಬೀಳುವುದು ನಡುಮಧ್ಯಾಹ್ನ ಮಾತ್ರ. ಸಂಜೆ ಸುಮ್ನೆ ಗೆರೆ ನೋಡಿ ಬರಬೇಕು, ಆಸೆಯಿದ್ದರೆ ಅದಕ್ಕೆ ಬೇರೆ ದಿನ ಇಡಿ.

ಪ್ರಶ್ನೆ: ಐಫೆಲ್ ಗೋಪುರದ ಮೇಲೆ ವಿಜ್ಞಾನಿಗಳ ಹೆಸರುಗಳಿವೆಯಂತೆ, ನಿಜವಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ನಿಜ. ಮೊದಲ ಅಂತಸ್ತಿನ ಕೆಳಗೆ ಸುತ್ತಲೂ ಲವಾಸಿಯೇ, ಆಂಪಿಯರ್, ಫುಕೋ ಹೀಗೆ 72 ಹೆಸರು. ನೆಲದಿಂದಲೇ ಓದಬಹುದು. ಗುಸ್ತಾವ್ ಐಫೆಲ್ ಬರೆಸಿದ ಆ 72ರಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ. ಲೋಹದ ತಗಡು ಹೇಗೆ ಕಂಪಿಸುತ್ತದೆ ಎಂಬ ಗಣಿತಕ್ಕೆ 1816ರಲ್ಲೇ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ಗೆದ್ದ ಸೋಫಿ ಜೆರ್ಮೈನ್ ಅವರದೂ ಇಲ್ಲ. ಕಬ್ಬಿಣದ ಗೋಪುರ ಬೇರೆ! ಅವರು 1831ರಲ್ಲಿ ತೀರಿಕೊಂಡ ಮನೆ ಸಾವ್ವಾ ಬೀದಿಯ 13ನೇ ನಂಬರಿನಲ್ಲಿದೆ, ಗೋಡೆ ಮೇಲೆ ಫಲಕವೂ ಇದೆ. ಮೇಲಿನ ಅಜ್ಜನಿಗೂ ಇದನ್ನೇ ಹೇಳುತ್ತೇನೆ: ಚರ್ಚಿನಿಂದ ಹತ್ತು ಹನ್ನೆರಡು ನಿಮಿಷ, ಮಂಡಿ ಒಪ್ಪಿದರೆ ಹೋಗಿಬನ್ನಿ.