ಲ್ಯಾಬ್ ಇಲ್ಲದೆ ಕಂಪ್ಯುಟೇಶನಲ್ ನ್ಯೂರೋಸೈನ್ಸ್ ಕಲಿಯಲು ನಿಜವಾದ ನರಕೋಶಗಳ ಡೇಟಾ ಎಲ್ಲಿ ಸಿಗುತ್ತದೆ?

ನರಕೋಶಗಳ ಡೇಟಾ ಹಂಚುವ ಜಾಲತಾಣ ಸಿಆರ್‌ಸಿಎನ್‌ಎಸ್ ಡಾಟ್ ಆರ್ಗ್‌ನಿಂದ ಶುರು ಮಾಡಿ. ಉಚಿತ ಖಾತೆ ತೆರೆದರೆ ಸಾಕು. ಅಲ್ಲಿನ ಎಚ್‌ಸಿ-3 ಸಂಗ್ರಹದಲ್ಲಿ ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಮತ್ತು ಪಕ್ಕದ ಎಂಟೋರೈನಲ್ ಕಾರ್ಟೆಕ್ಸ್ ಭಾಗಗಳ ಸ್ಪೈಕ್‌ಗಳ (ನರಕೋಶಗಳ ವಿದ್ಯುತ್ ಮಿಡಿತಗಳ) ಜೊತೆ ಇಲಿ ಎಲ್ಲಿತ್ತು ಎಂಬುದೂ ದಾಖಲಾಗಿದೆ. ಪ್ಲೇಸ್ ಸೆಲ್ (ಪ್ರಾಣಿ ನಿರ್ದಿಷ್ಟ ಜಾಗದಲ್ಲಿದ್ದಾಗ ಮಿಡಿಯುವ ನರಕೋಶ) ಹುಡುಕಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ. ಇಡೀ ಸಂಗ್ರಹ ಇಳಿಸಿಕೊಳ್ಳಬೇಡಿ, ಒಂದೇ ಸೆಷನ್ (ಒಂದು ಬಾರಿಯ ದಾಖಲೆ) ಸಾಕು.

ಹೊಸಬರು ಎಡವುವುದು ಫೈಲ್ ಓದುವಾಗ. ಡಾಟ್ ರೆಸ್ ಫೈಲಿನಲ್ಲಿರುವ ಸ್ಪೈಕ್‌ಗಳ ಸಮಯ ಸೆಕೆಂಡಿನಲ್ಲಿಲ್ಲ, ಸ್ಯಾಂಪಲ್ ಸಂಖ್ಯೆಯಲ್ಲಿದೆ. ಅದನ್ನು ಸ್ಯಾಂಪ್ಲಿಂಗ್ ದರದಿಂದ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬುದರಿಂದ) ಭಾಗಿಸಬೇಕು. ದರ ಎಲ್ಲ ಕಡೆ 20,000 ಹರ್ಟ್ಸ್ ಎಂದುಕೊಳ್ಳದೆ ಆಯಾ ಸೆಷನ್ನಿನ ಎಕ್ಸ್‌ಎಂಎಲ್ ಫೈಲ್ ನೋಡಿ. ಪ್ರತಿ ಸ್ಪೈಕ್ ಯಾವ ಕ್ಲಸ್ಟರಿನದು (ಸಾಮಾನ್ಯವಾಗಿ ಒಂದೇ ನರಕೋಶದ್ದೆಂದು ವಿಂಗಡಿಸಿದ ಗುಂಪು) ಎಂದು ಡಾಟ್ ಕ್ಲೂ ಫೈಲ್ ಹೇಳುತ್ತದೆ; ಅದರ ಮೊದಲ ಸಾಲು ಕ್ಲಸ್ಟರ್‌ಗಳ ಒಟ್ಟು ಸಂಖ್ಯೆ. ಅದನ್ನು ತೆಗೆಯದಿದ್ದರೆ ಪ್ರತಿ ಸ್ಪೈಕ್‌ಗೂ ಹಿಂದಿನ ಸ್ಪೈಕಿನ ಕ್ಲಸ್ಟರ್ ಸಂಖ್ಯೆ ಅಂಟಿಕೊಳ್ಳುತ್ತದೆ, ಎಲ್ಲೂ ಎರರ್ ಬರದೆಯೂ ಇರಬಹುದು. ಕ್ಲಸ್ಟರ್ 0 ಮತ್ತು 1 ನರಕೋಶಗಳಲ್ಲ, ಬಿಟ್ಟುಬಿಡಿ. ಸ್ಥಾನದ ಫೈಲಿನಲ್ಲಿ -1 ಇದ್ದರೆ ಆ ಕ್ಷಣ ಟ್ರ್ಯಾಕಿಂಗ್ ತಪ್ಪಿದೆ ಎಂದರ್ಥ. ಅದನ್ನು ಸರಾಸರಿಗೆ ಸೇರಿಸಿದರೆ ನರಕೋಶ ಎಲ್ಲೆಲ್ಲಿ ಮಿಡಿಯಿತು ಎಂಬ ನಕ್ಷೆಯೇ ಕೆಡುತ್ತದೆ.

ಇಂಟರ್‌ನೆಟ್ ನಿಧಾನವೇ? ಡ್ಯಾಂಡಿ ಎಂಬ ಇನ್ನೊಂದು ಡೇಟಾ ಭಂಡಾರದಲ್ಲಿ ಡೇಟಾ ಹೆಚ್ಚಾಗಿ ಎನ್‌ಡಬ್ಲ್ಯುಬಿ ಎಂಬ ಫೈಲ್ ಸ್ವರೂಪದಲ್ಲಿದೆ, ಪೈಥಾನ್‌ನಿಂದ ಬೇಕಾದ ಭಾಗವನ್ನಷ್ಟೇ ಸ್ಟ್ರೀಮ್ ಮಾಡಬಹುದು. ನರಕೋಶಗಳ ಸಿದ್ಧ ಕಂಪ್ಯೂಟರ್ ಮಾದರಿಗಳಿಗೆ ಮಾಡೆಲ್‌ಡಿಬಿ ಜಾಲತಾಣ. ಅವು ನ್ಯೂರಾನ್ ಎಂಬ ಸಿಮ್ಯುಲೇಟರ್ ತಂತ್ರಾಂಶದವಾದರೆ ಮೊದಲು ಡಾಟ್ ಮಾಡ್ ಫೈಲ್‌ಗಳನ್ನು ಕಂಪೈಲ್ ಮಾಡಿ. ನರಕೋಶದ ಆಕಾರದ ಡೇಟಾಗೆ ನ್ಯೂರೋಮಾರ್ಫೋ ಜಾಲತಾಣ.

ಬಳಸಿದ ಸಂಗ್ರಹದ ಡಿಒಐಯನ್ನು (ಅದರ ಶಾಶ್ವತ ಗುರುತು ಸಂಕೇತ) ಪ್ರಾಜೆಕ್ಟ್ ವರದಿಯಲ್ಲೂ ಕಡ್ಡಾಯವಾಗಿ ನಮೂದಿಸಿ. ವರ್ಷಗಟ್ಟಲೆ ದುಡಿದು ದಾಖಲಿಸಿದವರಿಗೆ ಸಲ್ಲಬೇಕಾದ ಮನ್ನಣೆ ಅದು.