ನಿದ್ದೆ ಗುಳಿಗೆಯ ಚೀಟಿಯ ಫೋಟೊ ಕಳಿಸಿದರೆ ಮೆಡಿಕಲ್‌ನವರು ಯಾಕೆ ಕೊಡುವುದಿಲ್ಲ?

ರೋಣದಲ್ಲಿರುವ ನಿಮ್ಮ ಅವ್ವನಿಗೆ ಹುಬ್ಬಳ್ಳಿಯ ಡಾಕ್ಟರು ಆಲ್‌ಪ್ರಜೋಲಮ್ ಬರೆದಿದ್ದಾರೆ. ಚೀಟಿಯ ಫೋಟೊವನ್ನು ಡಾಕ್ಟರೇ ವಾಟ್ಸಾಪ್‌ನಲ್ಲಿ ಊರಿನ ಮೆಡಿಕಲ್‌ಗೆ ಕಳಿಸಿದರೂ ಅಂಗಡಿಯವರು ‘ಅಸಲು ಚೀಟಿ ತನ್ನಿ’ ಅಂದಿದ್ದಾರೆ. ಬಿಪಿ ಗುಳಿಗೆಗೆ ನಡೆಯುವುದು ಇದಕ್ಕೆ ಯಾಕೆ ನಡೆಯುವುದಿಲ್ಲ ಎಂಬುದು ನಿಮ್ಮ ಪ್ರಶ್ನೆ. ನಾನು ಫಾರ್ಮಸಿಸ್ಟ್. ಅಂಗಡಿಯವರು ಮಾಡಿದ್ದು ಸರಿಯಾಗಿದೆ.

ಮನೆಯಲ್ಲಿ ಗುಳಿಗೆಯ ಹಳೆಯ ಪಟ್ಟಿ (ಸ್ಟ್ರಿಪ್) ಇದ್ದರೆ ಹಿಂಬದಿ ನೋಡಿ. ಗುಳಿಗೆಯ ಹೆಸರಿನ ಹತ್ತಿರ ಕೆಂಪು ಅಕ್ಷರದಲ್ಲಿ ‘ಎನ್‌ಆರ್‌ಎಕ್ಸ್’ ಎಂದಿರುತ್ತದೆ. ಅಂದರೆ ಇದು 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ಮತ್ತು ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತುಗಳ ಕಾಯ್ದೆ) ಪಟ್ಟಿಯಲ್ಲಿರುವ ಔಷಧ. ಜೊತೆಗೆ, 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಷೆಡ್ಯೂಲ್ ಎಚ್1ರಲ್ಲೂ (ಔಷಧ ನಿಯಮಗಳ ಬಿಗಿ ನಿಗಾದ ಪಟ್ಟಿ) ಇದೆ. ಎಚ್1 ಔಷಧ ಕೊಟ್ಟಾಗಲೆಲ್ಲ ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟರು ಎಂದು ಬರೆಯಬೇಕು. ಆ ರಿಜಿಸ್ಟರನ್ನು 3 ವರ್ಷ ಇಡಬೇಕು. ಡ್ರಗ್ ಇನ್‌ಸ್ಪೆಕ್ಟರ್ ಬಂದಾಗ ಖರೀದಿ ಬಿಲ್ಲು, ರಿಜಿಸ್ಟರ್, ಕಪಾಟಿನಲ್ಲಿರುವ ಸ್ಟಾಕ್ ಮೂರನ್ನೂ ತಾಳೆ ಹಾಕುತ್ತಾರೆ. ಒಂದು ಪಟ್ಟಿ ಕಡಿಮೆ ಬಿದ್ದರೂ ಉತ್ತರ ಕೊಡಬೇಕಾದವರು ಅಂಗಡಿಯವರು.

ಫೋಟೊದ ನಿಜವಾದ ತೊಡಕು ಅಂಗಡಿಯ ಮೊಹರಿನದು. ಗುಳಿಗೆ ಕೊಟ್ಟ ಮೇಲೆ ಚೀಟಿಯಲ್ಲಿ ಡಾಕ್ಟರ ಸಹಿಯ ಮೇಲ್ಗಡೆ ಅಂಗಡಿಯ ಹೆಸರು, ವಿಳಾಸ, ಕೊಟ್ಟ ದಿನಾಂಕ ನಮೂದಿಸಬೇಕೆಂದು ಔಷಧ ನಿಯಮ 65 ಹೇಳುತ್ತದೆ. ಮೊಹರು ಬಿದ್ದ ಚೀಟಿ ನೋಡಿದ ಮುಂದಿನ ಅಂಗಡಿಯವರಿಗೆ ‘ಇದು ತೀರಿದೆ’ ಎಂದು ತಿಳಿಯುತ್ತದೆ. ಫೋಟೊದ ಮೇಲೆ ಮೊಹರು ಹೊಡೆಯುವುದೆಲ್ಲಿ? ಅದೇ ಫೋಟೊ ಗದಗ, ಹುಬ್ಬಳ್ಳಿಯ ಹತ್ತು ಅಂಗಡಿ ತಿರುಗಿ ಬರಬಹುದು. ಈ ಗುಳಿಗೆ ಚಟ ಹತ್ತಿಸುವಂಥದ್ದು, ಅದಕ್ಕೇ ಇಷ್ಟು ಬಿಗಿ.

ಫೋನಿನಲ್ಲೇ ಮಾತಾಡಿ ಬರೆಸಿಕೊಂಡಿದ್ದರಂತೂ ಅದು ಇನ್ನೊಂದೇ ತಪ್ಪು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ಡಾಕ್ಟರು ಸಹಿ ಮಾಡಿದ ಚೀಟಿಯ ಫೋಟೊವನ್ನು ರೋಗಿಗೆ ಕಳಿಸಬಹುದು. ರೋಗಿ ಸ್ಪಷ್ಟವಾಗಿ ಒಪ್ಪಿದರೆ, ರೋಗಿಯೇ ಆರಿಸಿದ ಅಂಗಡಿಗೆ ನೇರವಾಗಿಯೂ ಕಳಿಸಬಹುದು. ಆದರೆ ಷೆಡ್ಯೂಲ್ ಎಕ್ಸ್ (ಎಚ್1ಕ್ಕಿಂತಲೂ ಬಿಗಿಯಾದ ಪಟ್ಟಿ) ಮತ್ತು ಎನ್‌ಡಿಪಿಎಸ್ ಪಟ್ಟಿಯ ಔಷಧಗಳನ್ನು ಹೀಗೆ ಬರೆಯುವಂತೆಯೇ ಇಲ್ಲ. ಬಿಪಿ ಗುಳಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅವ್ವನನ್ನು ಎದುರಿಗೆ ನೋಡಿ ಬರೆದ ಚೀಟಿಯಾದರೆ, ಸ್ಟಾಕ್ ತೆಗೆದಿಡಲಿ ಎಂದು ಅಂಗಡಿಗೆ ಫೋಟೊ ಮುಂಚೆ ಕಳಿಸಲು ಅಡ್ಡಿಯಿಲ್ಲ. ಗುಳಿಗೆ ಕೈಗೆ ಬರುವಾಗ ಅಸಲು ಚೀಟಿ ಇರಬೇಕು, ಅಷ್ಟೇ. ಅವ್ವನೇ ಬರಬೇಕಿಲ್ಲ, ನೀವು ತಂದರೂ ಆಗುತ್ತದೆ. ಗುರುತಿನ ಕಾರ್ಡು ಕೇಳಿದರೆ ಬೇಸರಿಸದೆ ತೋರಿಸಿ.

ಚೀಟಿ ಇದ್ದೂ ವಾಪಸ್ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ‘ರಾತ್ರಿ ಒಂದು, ಮುಂದುವರಿಸಿ’ ಎಂದಷ್ಟೇ ಬರೆದಿರುತ್ತಾರೆ. ಒಟ್ಟು ಎಷ್ಟು ಕೊಡಬೇಕು ಎಂಬುದು ಚೀಟಿಯಲ್ಲಿ ಇರಲೇಬೇಕು. ‘ಆಲ್‌ಪ್ರಜೋಲಮ್ 0.25 ಮಿ.ಗ್ರಾಂ, ರಾತ್ರಿ 1, 30 ದಿನ, ಒಟ್ಟು 30 ಗುಳಿಗೆ’ ಎಂದಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ರೋಗಿಯ ಹೆಸರು, ವಿಳಾಸ, ಡಾಕ್ಟರ ಸಹಿ, ದಿನಾಂಕ, ನೋಂದಣಿ ಸಂಖ್ಯೆ ಎಲ್ಲ ಇವೆಯೇ ಎಂದು ದವಾಖಾನೆಯ ಬಾಗಿಲು ದಾಟುವ ಮೊದಲೇ ನೋಡಿಕೊಳ್ಳಿ.

ಒಂದು ಚೀಟಿಗೆ ಒಂದೇ ಸಲ ಕೊಡುವುದು ನಿಯಮ. ತಿಂಗಳು ತಿಂಗಳೂ ಓಡಾಡುವುದು ಕಷ್ಟವಾದರೆ ‘30 ದಿನಗಳ ಅಂತರದಲ್ಲಿ ಒಟ್ಟು 3 ಸಲ ಕೊಡಬಹುದು’ ಎಂದು ಡಾಕ್ಟರಿಂದಲೇ ಬರೆಸಿಕೊಳ್ಳಿ. ಪ್ರತಿ ಸಲವೂ ಮೊಹರು ಬೀಳುತ್ತದೆ. ಬರೆದ ಕಂಪನಿಯದು ಸಿಗದಿದ್ದರೆ ಅಂಗಡಿಯವರು ತಾವಾಗಿ ಬೇರೆ ಕಂಪನಿಯದು ಕೊಡುವಂತಿಲ್ಲ, ಒಳಗಿನ ಔಷಧ ಒಂದೇ ಆಗಿದ್ದರೂ ಸಹ. ಹಾಗಾಗಿ ಔಷಧದ ಮೂಲ ಹೆಸರನ್ನೇ ಬರೆಯಿರಿ ಎಂದು ಡಾಕ್ಟರನ್ನು ಕೇಳಿಕೊಂಡರೆ ಊರಲ್ಲಿ ಹುಡುಕಾಟ ತಪ್ಪುತ್ತದೆ. ಮನೆಯಲ್ಲಿ ಕೂಡಿಡುವುದಕ್ಕೂ ಮಿತಿ ಇದೆ: ಸ್ವಂತ ಬಳಕೆಗೆ ಒಂದು ಹೊತ್ತಿಗೆ 100 ಗುಳಿಗೆ, ದೀರ್ಘ ಕಾಲದ ಚಿಕಿತ್ಸೆಗೆಂದು ಡಾಕ್ಟರು ವಿಶೇಷವಾಗಿ ಬರೆದರೆ 300ರವರೆಗೆ.

ಮೀಥೈಲ್‌ಫೆನಿಡೇಟ್‌ನಂಥ ಷೆಡ್ಯೂಲ್ ಎಕ್ಸ್ ಔಷಧಗಳು ಇದಕ್ಕಿಂತ ಬಿಗಿ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳುತ್ತಾರೆ. 20ಎಫ್ ಲೈಸೆನ್ಸ್ ಇರುವ ಅಂಗಡಿಯಲ್ಲಿ ಮಾತ್ರ ಅದು ಸಿಗುತ್ತದೆ.

ಈಗ ಮುಖ್ಯ ಮಾತು. ಚೀಟಿ ಸಿಗಲಿಲ್ಲವೆಂದು ಈ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಕೈ ನಡುಕ, ಚಡಪಡಿಕೆ, ನಿದ್ದೆ ಇಲ್ಲದಿರುವುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಇನ್ನು ಏಳೆಂಟು ಗುಳಿಗೆ ಉಳಿದಿರುವಾಗಲೇ ಚೀಟಿಯ ತಯಾರಿ ಶುರುವಾಗಬೇಕು. ಹುಬ್ಬಳ್ಳಿ ದೂರವಾದರೆ ಗದಗಿನ ಜಿಮ್ಸ್‌ನ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಮನೋವೈದ್ಯ ವಿಭಾಗಕ್ಕೆ ಹಳೆಯ ಚೀಟಿಗಳೊಂದಿಗೆ ಅವ್ವನನ್ನು ಕರೆದೊಯ್ಯಿರಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲೂಕು ಆಸ್ಪತ್ರೆಗೂ ಬರುತ್ತಾರೆ, ಯಾವ ದಿನ ಎಂದು ರೋಣದ ಆಸ್ಪತ್ರೆಯಲ್ಲಿ ಕೇಳಿ. ಗುಳಿಗೆ ಪೂರ್ತಿ ತೀರಿಹೋಗಿದ್ದರೆ ಅವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಖಾಲಿ ಪಟ್ಟಿ ಹಿಡಿದುಕೊಂಡು ಹೋಗಿ. ಹೆಸರು, ಮಿಲಿಗ್ರಾಂ ಎರಡೂ ಅದರ ಮೇಲೇ ಇರುತ್ತವೆ.